ಪಾಪರ್ ಆಟದಾಗ ಪಾಪರ್ ಆದ ಕಥೆ

ಅದು 2024ರ ಜನವರಿ. ಸಿದ್ಧೇಶ್ವರ ಜಾತ್ರೆಗೆಂದು ಊರಿಂದ ಬಂದಿದ್ದ ಅಪ್ಪ, ಹೇಳದೆ ಕೇಳದೆ ಜಲನಗರದ ನಮ್ಮ ರೂಮಿನ ಬಾಗಿಲು ತೆರೆದ. ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ನಾವು ಮೂವರು ಚಾಪೆಯ ಮೇಲೆ ಕಾರ್ಡ್ ಹರಡಿಕೊಂಡು ಕೂತಿದ್ದೆವು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೆಲ್ಲ ಗೋಡೆಗೆ ಒರಗಿ ನಮ್ಮನ್ನೇ ನೋಡುತ್ತಿದ್ದವು.

‘ಇಸ್ಪೀಟ್ ಆಡ್ಲಿ ಅಂತ ರೂಮ್ ಮಾಡಿ ಕೊಟ್ಟೀನೇನು ನಿನಗ?’

ನಮ್ಮ ಕಡೆ ಕಾರ್ಡ್ ಎಂದರೆ ಇಸ್ಪೀಟ್, ಇಸ್ಪೀಟ್ ಎಂದರೆ ಮನೆ ಹಾಳು. ‘ಇದು ರೊಕ್ಕದ ಆಟ ಅಲ್ಲಪ್ಪಾ’ ಎಂದೆ. ಬಾಯಿ ಹಾಗೆ ಹೇಳಿತು, ಎದೆ ಢವಢವ ಎಂದಿತು. ಯಾಕೆಂದರೆ ಟೆಸ್ಟ್ ಸೀರೀಸ್‌ಗೆ ಎಂದು ಅವ್ವ ಕಳಿಸಿದ್ದ 1,800 ರೂಪಾಯಿ ಆ ಕಾರ್ಡುಗಳಲ್ಲೇ ಹೋಗಿತ್ತು.

ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ಅಮೆರಿಕದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದಿತು. ಚಿಕ್ಕವರಿದ್ದಾಗ ನಾವು ಆಡುತ್ತಿದ್ದ ಡಬ್ಲ್ಯುಡಬ್ಲ್ಯುಇ ಟ್ರಂಪ್ ಕಾರ್ಡಿನ ದೊಡ್ಡಣ್ಣ ಎನ್ನಿ. ಮಂತ್ರ, ಮೃಗ, ಯೋಧರ ಕಾರ್ಡುಗಳನ್ನು ಆರಿಸಿ ನಮ್ಮದೇ ಡೆಕ್ ಕಟ್ಟಿಕೊಂಡು ಎದುರಾಳಿಯ 20 ಅಂಕದ ಜೀವವನ್ನು ಸೊನ್ನೆಗೆ ಇಳಿಸಬೇಕು. ಚೆಸ್‌ನಷ್ಟೇ ತಲೆ ಓಡಿಸಬೇಕು. ಆದರೆ ಚೆಸ್‌ನಲ್ಲಿ ಇಬ್ಬರಿಗೂ ಒಂದೇ ಸೈನ್ಯ. ಇಲ್ಲಿ ದುಡ್ಡಿದ್ದವನಿಗೆ ದೊಡ್ಡ ಸೈನ್ಯ. ಪ್ಯಾಕೆಟ್ ಒಡೆದರೆ ಹೆಚ್ಚಿನವು ‘ಕಾಮನ್’ ಕಾರ್ಡು, ಒಂದಿಷ್ಟು ‘ಅನ್‌ಕಾಮನ್’, ಒಂದೋ ಎರಡೋ ‘ರೇರ್’. ಆ ರೇರ್ ಕಾರ್ಡುಗಳಲ್ಲಿ ಕೆಲವಕ್ಕೆ ನಮ್ಮ ರೂಮಿನ ಬಾಡಿಗೆಗಿಂತ ಹೆಚ್ಚು ಬೆಲೆ.

ನಮ್ಮ ಕೈಗೆ ಈ ಆಟ ಬಂದದ್ದು ಒಂದು ಬೂಟಿನ ಡಬ್ಬಿಯಲ್ಲಿ. ಟಿಕೋಟಾದ ರೂಮ್‌ಮೇಟ್‌ನ ಅಣ್ಣ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರೇರ್ ಕಾರ್ಡ್ ತಾನು ಇಟ್ಟುಕೊಂಡು, ‘ಇವು ರದ್ದಿ, ತಗೊಂಡು ಹೋಗ್ರಿ’ ಎಂದು ಐನೂರಕ್ಕೂ ಹೆಚ್ಚು ಕಾಮನ್ ಕಾರ್ಡ್ ಕೊಟ್ಟ. ಆ ರದ್ದಿಗೇ ಒಂದು ಪಂದ್ಯ ಇದೆ ಎಂದು ತಿಳಿದದ್ದು ಆಮೇಲೆ. ಅದರ ಹೆಸರು ‘ಪಾಪರ್’.

ಹೆಸರು ಕೇಳಿ ಮೂವರೂ ನಕ್ಕೆವು. ನಮ್ಮಲ್ಲಿ ದಿವಾಳಿ ಎದ್ದವನಿಗೆ ‘ಪಾಪರ್ ಆದ’ ಎನ್ನುತ್ತಾರೆ, ‘ಪಾಪರ್ ಚೀಟಿ’ ತಗೊಂಡ ಎನ್ನುತ್ತಾರೆ. ಎರಡೂ ಒಂದೇ ಇಂಗ್ಲಿಷ್ ಶಬ್ದ, ಬಡವ ಎಂದು ಅರ್ಥ. ನಿಯಮ ಸರಳ: ಡೆಕ್‌ನಲ್ಲಿ ಕನಿಷ್ಠ 60 ಕಾರ್ಡು, ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇಲ್ಲ, ಎಲ್ಲವೂ ಒಮ್ಮೆಯಾದರೂ ‘ಕಾಮನ್’ ಎಂದು ಅಚ್ಚಾಗಿರಬೇಕು. 2008ರಲ್ಲಿ ಆನ್‌ಲೈನ್ ಆಟದಲ್ಲಿ ಇದಕ್ಕೆ ಅಧಿಕೃತ ಮಾನ್ಯತೆ ಸಿಕ್ಕಿತು. 2019ರಲ್ಲಿ ಆನ್‌ಲೈನ್‌ಗೂ ಕಾಗದದ ಕಾರ್ಡಿಗೂ ಒಂದೇ ಪಟ್ಟಿ ಆಯಿತು. ಬಡವರ ಆಟ, ನಮಗೆ ಹೇಳಿ ಮಾಡಿಸಿದ್ದು ಎಂದುಕೊಂಡೆವು.

ಹೊಸ ಸೆಟ್ ಎಂಬ ಗಾಳಿ

ನಮಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಈ ಆಟ ನಿಂತ ನೀರಲ್ಲ. ಕಂಪನಿ ವರ್ಷಕ್ಕೆ ಹಲವು ಹೊಸ ಸೆಟ್ ತರುತ್ತದೆ. ಪಾಪರ್‌ನಲ್ಲಿ ಹಳೆಯ ಕಾರ್ಡ್ ವಾಯಿದೆ ಮುಗಿದು ಹೊರಗೆ ಹೋಗುವುದಿಲ್ಲ, ಹೊಸವು ಬಂದು ಸೇರುತ್ತಲೇ ಇರುತ್ತವೆ. ಹಾಗಾಗಿ ಒಂದು ಸಣ್ಣ ಕಾಮನ್ ಕಾರ್ಡು ಇಡೀ ಆಟವನ್ನು ತಲೆಕೆಳಗು ಮಾಡಬಹುದು.

2021ರ ಜೂನ್‌ನಲ್ಲಿ ‘ಮಾಡರ್ನ್ ಹೊರೈಜನ್ಸ್ 2’ ಎಂಬ ಸೆಟ್ ಬಂತು. ಅದರಲ್ಲಿ ‘ಚಾಟರ್‌ಸ್ಟಾರ್ಮ್’ ಎಂಬ ಅಳಿಲಿನ ಕಾರ್ಡು. ಅದೇ ಸರದಿಯಲ್ಲಿ ಅದಕ್ಕೂ ಮೊದಲು ಎಷ್ಟು ಮಂತ್ರ ಆಡಿದ್ದರೋ ಅಷ್ಟು ಹೆಚ್ಚಿನ ಅಳಿಲುಗಳು ಬರುತ್ತವೆ. ಎದುರಿನವನು ಉಸಿರು ಬಿಡುವಷ್ಟರಲ್ಲಿ ಮೇಜಿನ ತುಂಬ ಅಳಿಲು. ಸೆಪ್ಟೆಂಬರ್‌ನಲ್ಲಿ ಅದನ್ನು ನಿಷೇಧಿಸಿದರು. ಕೊಂಡವರ ಕೈಯಲ್ಲಿ ಅದು ಬಾಳಿದ್ದು ಮೂರು ತಿಂಗಳೂ ಇಲ್ಲ.

ಅದೇ ಸೆಟ್‌ನ ಇನ್ನೊಂದು ಪೆಟ್ಟು ಬಿದ್ದದ್ದು ಹಳೆಯ ಕಾರ್ಡಿಗೆ. ‘ಅಟಾಗ್’ ಎಂಬ ಮೃಗ 1994ರದ್ದು. ಯಂತ್ರಗಳನ್ನು ತಿಂದು ಬಲಿಯುವುದು ಅದರ ಗುಣ. ಯಂತ್ರವೂ ಹೌದು, ನೆಲವೂ ಹೌದು ಎನ್ನುವ ಕಾರ್ಡುಗಳೇ ಅದರ ಡೆಕ್ಕಿನ ಬುನಾದಿ. ಮೊದಲು ಆ ನೆಲವನ್ನು ಒಡೆದು ಆ ಡೆಕ್ಕನ್ನು ಕಟ್ಟಿಹಾಕಬಹುದಿತ್ತು. ಹೊಸ ಸೆಟ್‌ನಲ್ಲಿ ಒಡೆಯಲಾರದ ಅಂಥ ಹತ್ತು ನೆಲಗಳು ಬಂದವು. ಅಟಾಗ್‌ಗೆ ಲಗಾಮೇ ಇಲ್ಲದಾಯಿತು. 2022ರ ಜನವರಿಯಲ್ಲಿ ನಿಷೇಧವಾದದ್ದು ಹೊಸ ನೆಲಗಳಲ್ಲ, 27 ವರ್ಷ ಆಟದಲ್ಲಿದ್ದ ಅಟಾಗ್.

ಅದೇ ವರ್ಷ ಬಂದ ‘ಬ್ಯಾಟಲ್ ಫಾರ್ ಬಾಲ್ಡರ್ಸ್ ಗೇಟ್’ ಸೆಟ್ ನಾಲ್ಕು ಜನ ಕೂತು ಆಡುವ ಪಂದ್ಯಕ್ಕೆಂದು ಮಾಡಿದ್ದು. ಅದರ ಕೆಲವು ಕಾಮನ್ ಕಾರ್ಡುಗಳು ಇಬ್ಬರೇ ಆಡುವ ಪಾಪರ್‌ಗೆ ಬಂದಾಗ ತಡೆಯುವವರೇ ಇಲ್ಲದಾಯಿತು. ಸೆಪ್ಟೆಂಬರ್‌ನಲ್ಲಿ ಅಂಥ ನಾಲ್ಕು ಕಾರ್ಡುಗಳಿಗೆ ನಿಷೇಧ ಬಿತ್ತು.

ನನ್ನ 1,800 ರೂಪಾಯಿ ಹೋದದ್ದು ಮತ್ತೊಂದು ದಾರಿಯಲ್ಲಿ. ‘ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್’ ಎಂಬ ಯೋಧೆ 2014ರಲ್ಲಿ ಬಂದಾಗ ಅನ್‌ಕಾಮನ್. 2022ರ ‘ಡಬಲ್ ಮಾಸ್ಟರ್ಸ್’ ಸೆಟ್‌ನಲ್ಲಿ ಅವಳನ್ನು ಕಾಮನ್ ಎಂದು ಮತ್ತೆ ಅಚ್ಚು ಹಾಕಿದರು. ಅಲ್ಲಿಗೆ ಪಾಪರ್‌ನ ಬಾಗಿಲು ತೆರೆಯಿತು. ಮೊದಲ ಸರದಿಯಲ್ಲೇ ಇಳಿದು, ಆಗಲೇ ಹೊಡೆಯುತ್ತಾಳೆ. ಅವಳಿದ್ದ ಕೆಂಪು ಡೆಕ್ಕಿನ ಮುಂದೆ ನಮ್ಮ ಬೂಟಿನ ಡಬ್ಬಿ ಏನೂ ಅಲ್ಲ. 2023ರ ದೀಪಾವಳಿ ಹೊತ್ತಿಗೆ, ಪರಿಚಯದವರೊಬ್ಬರ ಮೂಲಕ ನಾಲ್ಕು ಸ್ವಿಫ್ಟ್‌ಸ್ಪಿಯರ್, ಜೊತೆಗೆ ಅವಳಿಗೆ ಹೊಂದುವ ಮೂವತ್ತು ಕಾರ್ಡ್ ತರಿಸಿದೆ. ಕಾರ್ಡಿನ ಬೆಲೆ ಹೆಚ್ಚಿರಲಿಲ್ಲ. ಕೊರಿಯರ್, ಅವರ ಖರ್ಚು, ಎಲ್ಲ ಕೂಡಿ 1,800.

ಎರಡು ವಾರ ರೂಮಿನಲ್ಲಿ ನಾನೇ ರಾಜ. ಗೆಳೆಯರು ಸೋತು ಸೋತು ಚಾಪೆಗೆ ಬರುವುದನ್ನೇ ಬಿಟ್ಟರು. ಡಿಸೆಂಬರ್ ಮೊದಲ ವಾರ ಸುದ್ದಿ ಬಂತು: ಸ್ವಿಫ್ಟ್‌ಸ್ಪಿಯರ್ ನಿಷೇಧ.

‘ನಮ್ಮ ಚಾಪೆ ಮ್ಯಾಲ ಯಾರ್ ಕೇಳ್ತಾರ್ಲೇ?’ ಎಂದೆ.

‘ನಾ ಕೇಳ್ತೀನಿ’ ಎಂದ ಟಿಕೋಟಾದವನು. ‘ನೀ ಗೆದ್ದದ್ದು ಆಟ ಆಡಿ ಅಲ್ಲ ದೋಸ್ತ, ಪಾರ್ಸಲ್ ತರ್ಸಿ.’

ಆ ಮಾತು ನಿಷೇಧಕ್ಕಿಂತ ಹೆಚ್ಚು ಚುಚ್ಚಿತು.

ಒಂದು ಸಾಲು ಬಳ್ಳಿ

ಅಪ್ಪನಿಗೆ ಅಂದು ಎಲ್ಲ ಹೇಳಿಬಿಟ್ಟೆ. ದುಡ್ಡಿನದನ್ನೂ ಹೇಳಿದೆ. ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕಾರ್ಡೊಂದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದ: ‘ಹೊಸ ತಳಿ ಬಂದಾಗೆಲ್ಲ ಹಳೇ ಬಳ್ಳಿ ಕಿತ್ತ್ರ ಹೊಲ ಉಳೀತದೇನು?’

ಬಬಲೇಶ್ವರದ ಕಡೆ ನಮ್ಮದು ಎರಡೆಕರೆ ದ್ರಾಕ್ಷಿ. ಥಾಮ್ಸನ್ ಇದ್ದಲ್ಲಿ ತಾಸ್ ಗಣೇಶ್ ಬಂತು, ಸೊನಾಕಾ ಬಂತು, ಮಾಣಿಕ್ ಚಮನ್ ಬಂತು. ಪ್ರತಿ ಸಲವೂ ಯಾರಾದರೂ ಒಬ್ಬರು ಸಾಲ ತಂದು ಇಡೀ ತೋಟ ಬದಲಿಸುತ್ತಾರೆ. ಹೊಸ ಬಳ್ಳಿ ಫಸಲು ಕೊಡುವವರೆಗೆ ಬಡ್ಡಿ ಬೆಳೆಯುತ್ತದೆ, ಅಷ್ಟರಲ್ಲಿ ಇನ್ನೊಂದು ತಳಿಯ ಹೆಸರು ಕೇಳಿಬರುತ್ತದೆ. ಅಪ್ಪ ಮಾತ್ರ ಹೊಸದನ್ನು ಮೊದಲು ಒಂದು ಸಾಲಿಗೆ ಹಚ್ಚಿ ನೋಡುತ್ತಾನೆ. ಮಣ್ಣಿಗೆ, ನೀರಿಗೆ, ಮಣೂಕಿಗೆ ಒಗ್ಗಿದರೆ ಮುಂದಿನ ಸಾಲು.

ಆಟಕ್ಕೂ ಅದೇ ಲೆಕ್ಕ ಎಂದು ಆಗ ಹೊಳೆಯಿತು. ಪಾಪರ್‌ನಲ್ಲಿ ಎರಡು ಬೆಲೆ ಇವೆ. ಒಂದು ಕಾರ್ಡಿನದು, ಅದು ಕಡಿಮೆಯೇ. ಇನ್ನೊಂದು ಹೊಸದರ ಹಿಂದೆ ಓಡುವುದರದು, ಅದನ್ನು ಯಾವ ಪ್ಯಾಕೆಟ್ ಮೇಲೂ ಅಚ್ಚು ಹಾಕಿರುವುದಿಲ್ಲ. ಸೆಟ್‌ಗಳು ಬೇಗ ಬೇಗ ಬಂದಷ್ಟೂ ಎರಡನೆಯದು ಏರುತ್ತದೆ. 2025ರಲ್ಲಿ ಮುಖ್ಯ ಸೆಟ್‌ಗಳೇ ಆರು ಬಂದವು. ಹಿಂದೆ ಸಾಮಾನ್ಯವಾಗಿ ನಾಲ್ಕು ಇರುತ್ತಿದ್ದವು.

ಕಾವಲು ಇಲ್ಲವೆಂದಲ್ಲ. 2022ರ ಜನವರಿಯಲ್ಲಿ ಕಂಪನಿಯ ಗೇವಿನ್ ವರ್ಹೇ ಅವರ ಮುಂದಾಳತ್ವದಲ್ಲಿ, ಬೇರೆ ಬೇರೆ ದೇಶಗಳ ಪಾಪರ್ ಆಟಗಾರರನ್ನೇ ಸೇರಿಸಿ ಒಂದು ಸಮಿತಿ ಮಾಡಿದರು. 2024ರಲ್ಲಿ ‘ಮಾಡರ್ನ್ ಹೊರೈಜನ್ಸ್ 3’ ಮಾರುಕಟ್ಟೆಗೆ ಬರುವ ಮೊದಲೇ ‘ಕ್ರೇನಿಯಲ್ ರ‍್ಯಾಮ್’ ಎಂಬ ಕಾರ್ಡನ್ನು ನಿಷೇಧಿಸಿದರು. ಯಾರ ದುಡ್ಡೂ ಹೋಗಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ನನ್ನ 1,800 ನೆನಪಾಯಿತು. 2025ರ ಮಾರ್ಚ್‌ನಲ್ಲಿ ಮತ್ತೆ ಮೂರು ಕಾರ್ಡು ನಿಷೇಧಿಸಿ, ಹಳೆಯ ಎರಡನ್ನು ಪ್ರಯೋಗಕ್ಕೆಂದು ಆಟಕ್ಕೆ ಬಿಟ್ಟರು. ಆದರೆ ಆ ಸಮಿತಿ ಆಟವನ್ನು ಕಾಯಬಹುದು, ನಮ್ಮ ಜೇಬನ್ನು ಕಾಯಲಾರದು.

ಅದಕ್ಕೇ ನಮ್ಮ ರೂಮಿನ ಗೋಡೆಗೆ ಮೂರು ನಿಯಮ ಬರೆದು ಅಂಟಿಸಿದ್ದೇವೆ. ಹೊಸ ಸೆಟ್ ಬಂದರೆ ಮೂರು ತಿಂಗಳು ಕಾಯಬೇಕು. ಅಲ್ಲಿಯವರೆಗೆ ಕಾರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದು, ಹಳೆಯ ಕಾರ್ಡಿನ ಮುಂದೆ ಸಿಕ್ಕಿಸಿ ಆಡಬೇಕು. ಅಧಿಕೃತ ಪಂದ್ಯದಲ್ಲಿ ಅದು ನಡೆಯುವುದಿಲ್ಲ, ನಮ್ಮ ಚಾಪೆಯ ಮೇಲೆ ನಡೆಯುತ್ತದೆ. ಕೊಳ್ಳುವುದಾದರೆ ಮೂವರೂ ಕೂಡಿ, ಒಮ್ಮೆಗೆ ನಾಲ್ಕೇ ಕಾರ್ಡು.

ಆ ವರ್ಷದ ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಟೆಸ್ಟ್ ಸೀರೀಸ್ ಇದ್ದಿದ್ದರೆ ಆಗುತ್ತಿದ್ದೆ ಎಂದು ಹೇಳಲಾರೆ, ಇಲ್ಲದ್ದಕ್ಕೆ ಏನೂ ನಷ್ಟವಾಗಲಿಲ್ಲ ಎಂದೂ ಹೇಳಲಾರೆ. ಅವ್ವನಿಗೆ ಆ ದುಡ್ಡನ್ನು ಟ್ಯೂಷನ್ ಹೇಳಿ ನಾಲ್ಕು ತಿಂಗಳಲ್ಲಿ ತೀರಿಸಿದೆ. ಅವಳು ಬೇಡ ಎಂದಳು, ಆದರೂ ಕೊಟ್ಟೆ.

ಈಗ ರವಿವಾರ ಸಂಜೆ ಮಾತ್ರ ಚಾಪೆ ಹಾಸುತ್ತೇವೆ. ನಾಲ್ಕು ಸ್ವಿಫ್ಟ್‌ಸ್ಪಿಯರ್‌ಗಳಲ್ಲಿ ಮೂರು ಡಬ್ಬಿಯ ತಳದಲ್ಲಿವೆ. ಒಂದನ್ನು ಓದುವ ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟುಕೊಂಡಿದ್ದೇನೆ. ಯಾವುದಾದರೂ ‘ಹೊಸ’ ಕೋರ್ಸಿನ, ‘ಹೊಸ’ ಬ್ಯಾಚಿನ ಜಾಹೀರಾತು ಮೊಬೈಲಿಗೆ ಬಂದಾಗ ಆ ಪುಟ ತೆರೆದು ಅವಳ ಮುಖ ನೋಡುತ್ತೇನೆ. ಒಂದು ಸಾಲು ಹಚ್ಚಿ ನೋಡಿದ ಮೇಲೆ ಉಳಿದದ್ದು.