ಮಾದರಿ ವಿಮಾನ: ಆಯ್ಕೆ ಮತ್ತು ಅಣಿ

ಪಾಲಕ್ಕಾಡು ಕಂಡಿಯಿಂದ ಮುಂಗಾರಿನಲ್ಲಿ ನುಗ್ಗುವ ಪಡುವಣ ಗಾಳಿಯು ಉಡುಮಲಪೇಟೆ, ಪಲ್ಲಡಂ ಬಯಲುಗಳ ಗಾಳಿಯಂತ್ರಗಳನ್ನು ತಿರುಗಿಸುತ್ತದೆ. ಈ ಗಾಳಿಯಲ್ಲಿ ರೇಡಿಯೋ ನಿಯಂತ್ರಿತ ಕಸರತ್ತಿನ ವಿಮಾನವನ್ನು ಹಾರಿಸುವವರು ದೊಡ್ಡ ಮಾದರಿಯನ್ನು ಆಯ್ದುಕೊಳ್ಳುವುದು ಸಹಜ. ಅದು ಬೀಸುಗಾಳಿಗೆ ಕಡಿಮೆ ತುಯ್ದಾಡುತ್ತದೆ. ಅದರ ಭಂಗಿ ದೂರದಿಂದಲೂ ಕಣ್ಣಿಗೆ ತಿಳಿಯುತ್ತದೆ.

ಆದರೆ ದೊಡ್ಡದು ಬಿದ್ದರೆ ಪೆಟ್ಟೂ ದೊಡ್ಡದು. ಬಯಲಿನಲ್ಲಿ ದನ ಮೇಯಿಸುವವರೂ ಇರುತ್ತಾರೆ. ಆದುದರಿಂದ ಹಾರಿಸುವ ಮುನ್ನ ಮೂರು ಸಂಗತಿಗಳನ್ನು ಪರೀಕ್ಷಿಸಬೇಕು.

ಮೊದಲನೆಯದು ಗುರುತ್ವಕೇಂದ್ರ. ಅದು ಅತಿಯಾಗಿ ಹಿಂದೆ ಸರಿದರೆ ವಿಮಾನ ಹತೋಟಿ ತಪ್ಪುತ್ತದೆ, ಮುಂದೆ ಸರಿದರೆ ಜಡವಾಗುತ್ತದೆ. ಬ್ಯಾಟರಿಯನ್ನು ಹಿಂದುಮುಂದು ಸರಿಸಿ, ತಯಾರಕರು ಸೂಚಿಸಿದ ಸ್ಥಾನಕ್ಕೆ ಅದನ್ನು ತರಬೇಕು.

ಎರಡನೆಯದು ರೆಕ್ಕೆ ಮತ್ತು ಬಾಲದ ಚಲಿಸುವ ಹಲಗೆಗಳು. ಅವನ್ನು ತಿರುಗಿಸುವ ಸರ್ವೊ ಮೋಟಾರುಗಳು ಬಲವಾಗಿರಬೇಕು. ಜೋಡಣೆ ಸಡಿಲವಾದರೆ ವೇಗದಲ್ಲಿ ಹಲಗೆ ಕಂಪಿಸಿ ಮುರಿಯಬಹುದು.

ಮೂರನೆಯದು ಫೇಲ್‌ಸೇಫ್. ರೇಡಿಯೋ ಸಂಪರ್ಕ ಕಡಿದೊಡನೆ ಎಂಜಿನ್ ತಗ್ಗುವುದೇ ಎಂಬುದನ್ನು ವಿಮಾನವನ್ನು ಬಿಗಿಯಾಗಿ ಹಿಡಿದಿಟ್ಟು ನೆಲದ ಮೇಲೆಯೇ ನೋಡಬೇಕು.

2021ರ ಡ್ರೋನ್ ನಿಯಮಗಳ ಪ್ರಕಾರ 25 ಕಿಲೋ ಮೀರದ, ಕಣ್ಣಳತೆಯೊಳಗೆ ಹಾರುವ, ಕಲಿಕೆ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಮನರಂಜನೆಯ ವಿಮಾನವಷ್ಟೇ ‘ಮಾದರಿ’. ಕೊಯಮತ್ತೂರಿನ ವಿಮಾನ ನಿಲ್ದಾಣ, ಸೂಲೂರಿನ ವಾಯುನೆಲೆ ಸಮೀಪವಿರುವುದರಿಂದ ಡಿಜಿಟಲ್ ಸ್ಕೈ ನಕ್ಷೆಯ ಹಸಿರು ವಲಯವನ್ನು ನೋಡಿಯೇ ಬಯಲನ್ನು ಗೊತ್ತುಮಾಡಬೇಕು.

ಈ ಸೀಮೆಯ ಕನ್ನಡ ಮಾತಿನ ದೇವಾಂಗ ನೇಕಾರರು ಹಾಸಿನ ಬಿಗಿ ಸರಿಯಾಗದೆ ಲಾಳಿಯನ್ನು ಎಸೆಯುವುದಿಲ್ಲ. ವಿಮಾನಕ್ಕೂ ಅದೇ ನೇಮ.