ಗಾಳಿಪಾಲಾಗುತ್ತಿರುವ ಕೋಳಿಗೊಬ್ಬರ

ಸನ್ ೨೦೨೫ನೆಯ ಮುಂಗಾರಿನಲ್ಲಿ ಯೂರಿಯಾ ಗೊಬ್ಬರಕ್ಕಾಗಿ ಕರ್ನಾಟಕದ ರೈತರು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತ ಸಂಗತಿಯನ್ನು ನಮ್ಮ ವಾಚಕರು ಮರೆತಿರಲಾರರು. ಆಗ ದಾಸ್ತಾನು ಎಷ್ಟು, ಹಂಚಿಕೆ ಯಾರದು, ತಪ್ಪು ಯಾರ ಮೇಲಿನದು ಎಂಬ ಚರ್ಚೆಯು ವಿಪುಲವಾಗಿ ನಡೆಯಿತು. ಆದರೆ ರೈತನು ತನ್ನ ಹೊಲಕ್ಕೆ ತಾನೇ ಹಣ ತೆತ್ತು ತಂದು ಸುರಿದ ಸಾರಜನಕವು ಕಣ್ಣೆದುರಿಗೇ ಆಕಾಶಕ್ಕೆ ಏರಿಹೋಗುತ್ತಿರುವುದರ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ನಾವು ಹೇಳುತ್ತಿರುವುದು ಕೋಳಿಗೊಬ್ಬರದ ಮಾತು.

ಮೊಟ್ಟೆಯ ದರಗಳ ಪಟ್ಟಿಯಲ್ಲಿ ಹೊಸಪೇಟೆಯ ಹೆಸರು ದಿನಂಪ್ರತಿ ಕಾಣುವುದನ್ನು ನೋಡಿದರೆ ಈ ಸೀಮೆಯಲ್ಲಿ ಕೋಳಿಸಾಕಣೆಯು ಎಷ್ಟು ಬೇರೂರಿದೆಯೆಂಬುದು ಯಾರಿಗಾದರೂ ತಿಳಿದೀತು. ಕೋಳಿಯಿದ್ದಲ್ಲಿ ಹಿಕ್ಕೆಯುಂಟು. ಬೇಸಗೆಯಲ್ಲಿ ಕಾಲುವೆಯ ನೀರು ನಿಂತ ಮೇಲೆ ಈ ಗೊಬ್ಬರವು ಟ್ರ್ಯಾಕ್ಟರುಗಳಲ್ಲಿ ಸಿರುಗುಪ್ಪ, ಕುರುಗೋಡು ಕಡೆಯ ಭತ್ತದ ಗದ್ದೆಗಳಿಗೂ ಮೆಣಸಿನಕಾಯಿಯ ಹೊಲಗಳಿಗೂ ಹೋಗುವುದು. ದನದ ಕೊಟ್ಟಿಗೆಯ ಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಅರ್ಧ ಪಾಲಿದ್ದರೆ, ಒಣಗಿದ ಕೋಳಿಗೊಬ್ಬರದಲ್ಲಿ ಸುಮಾರು ಮೂರು ಪಾಲು ಇರುತ್ತದೆ. ರೈತನು ಇದನ್ನು ಅರಸಿ ಹೋಗುವುದು ಸಹಜವೇ. ಆದರೆ ತಂದ ಗೊಬ್ಬರವನ್ನು ಬದುವಿನ ಮೇಲೆ ಬಯಲಿನಲ್ಲಿ ಗುಡ್ಡೆಹಾಕಿ, ಮುಂದೆ ಎಂದೋ ಒಂದು ದಿನ ಹರಡಿ, ಮಳೆ ಬರುವ ತನಕ ಹಾಗೆಯೇ ಬಿಡುವ ವಾಡಿಕೆಯಿದೆಯಲ್ಲ, ಅನರ್ಥವು ಅಲ್ಲಿಯೇ ಇರುವುದು.

ಪಕ್ಷಿಗಳಿಗೆ ಬೇರೆಯಾಗಿ ಮೂತ್ರವಿಸರ್ಜನೆಯಿಲ್ಲ. ಅವುಗಳ ದೇಹದಿಂದ ಹೊರಬೀಳುವ ಸಾರಜನಕದ ಹೆಚ್ಚಿನ ಪಾಲು ಯೂರಿಕ್ ಆಮ್ಲದ ರೂಪದಲ್ಲಿರುತ್ತದೆ. ಹಿಕ್ಕೆಯ ಮೇಲೆ ಕಾಣುವ ಬಿಳಿಯ ಲೇಪವೇ ಅದು. ಅದು ಒಣಗಿರುವ ತನಕ ಬಹುಮಟ್ಟಿಗೆ ಸುಮ್ಮನಿರುವುದು. ತೇವ ತಗಲಿದೊಡನೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಯೂರಿಯಾ ಮಾಡುವುವು. ಯೂರಿಯಾ ಒಡೆದು ಅಮೋನಿಯಾ ಎಂಬ ಅನಿಲವಾಗುವುದು. ಕೋಳಿಯ ಶೆಡ್ಡಿನ ಬಾಗಿಲಲ್ಲಿ ಮೂಗಿಗೆ ಬಡಿದು ಕಣ್ಣಲ್ಲಿ ನೀರು ತರಿಸುವ ಘಾಟು ಇದೇ. ‘ವಾಸನೆ ಬಲವಾಗಿದೆ, ಗೊಬ್ಬರ ಸತ್ವಯುತವಾಗಿದೆ’ ಎಂದು ಹಿಗ್ಗುವವರುಂಟು. ಮೂಗಿಗೆ ಬಂದದ್ದು ಬೇರಿಗೆ ಹೋಗಲಾರದೆಂಬುದನ್ನು ಅವರು ಯೋಚಿಸಿದಂತಿಲ್ಲ. ನೆಲವನ್ನು ತೋಯಿಸಿ ಒಳಗಿಳಿಯುವ ದೊಡ್ಡ ಮಳೆಯಿಂದ ಅಷ್ಟು ಅಪಾಯವಿಲ್ಲ. ಮೇಲ್ಮೈಯನ್ನಷ್ಟೇ ನೆನೆಸಿ ಹೋಗುವ ತುಂತುರು, ಅದರ ಬೆನ್ನಿಗೇ ನಲವತ್ತು ಡಿಗ್ರಿಯ ಬಿಸಿಲು ಮತ್ತು ಗಾಳಿ, ಇವು ಮೂರೂ ಕೂಡಿದರೆ ಸಾರವು ಹಾರಿಹೋಗಲು ಇದಕ್ಕಿಂತ ಅನುಕೂಲ ಬೇಡ. ಬಳ್ಳಾರಿಯ ಮೇ, ಜೂನ್ ತಿಂಗಳುಗಳ ಹವೆಯು ಇದಲ್ಲದೆ ಮತ್ತೇನು?

ಇದಕ್ಕೆ ನಮ್ಮ ನೆಲದ ಗುಣವೂ ಸೇರುವುದು. ಮಲೆನಾಡಿನ ಹುಳಿಮಣ್ಣು ಅಮೋನಿಯಾವನ್ನು ಬಹುಮಟ್ಟಿಗೆ ಹಿಡಿದಿಡುತ್ತದೆ. ನಮ್ಮ ಎರೆಭೂಮಿಯಾದರೋ ಸುಣ್ಣದ ಅಂಶ ಬೆರೆತ ಕ್ಷಾರಗುಣದ್ದು. ಮೇಲೆ ಬಿದ್ದ ಅಮೋನಿಯಾವನ್ನು ಅದು ಗಾಳಿಗೆ ನೂಕುತ್ತದೆ. ವಿಚಿತ್ರವೇನೆಂದರೆ, ಅದೇ ಎರೆಮಣ್ಣಿನ ಜೇಡಿಗೆ ಈ ಸಾರವನ್ನು ತನ್ನ ಕಣಗಳಿಗೆ ಅಂಟಿಸಿಕೊಳ್ಳುವ ಶಕ್ತಿಯು ಇತರ ಮಣ್ಣುಗಳಿಗಿಂತ ಅಧಿಕವಾಗಿದೆ. ಆದರೆ ಗೊಬ್ಬರವು ಮಣ್ಣಿನೊಳಗೆ ಬೆರೆತಿರಬೇಕು. ನಾಲ್ಕು ಬೆರಳು ಆಳದಲ್ಲಿ ರಕ್ಷಿಸುವ ನೆಲವೇ ಮೇಲ್ಮೈಯಲ್ಲಿ ಭಕ್ಷಿಸುತ್ತದೆ.

ನಷ್ಟವೆಷ್ಟು? ಹರಡಿದ ಮೇಲೆ ಉಳದೆ ಬಿಟ್ಟರೆ, ಪೈರಿಗೆ ಬೇಗನೆ ಒದಗತಕ್ಕ ಸಾರಜನಕದಲ್ಲಿ ಅರ್ಧಕ್ಕೂ ಮಿಕ್ಕಿ ಹಾರಿಹೋದದ್ದು ಪಾಶ್ಚಾತ್ಯ ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅಷ್ಟು ಬೇಡ, ಒಟ್ಟು ಸಾರದ ಮೂರನೆಯ ಒಂದು ಪಾಲೆಂದೇ ಹಿಡಿಯೋಣ. ಐದು ಟನ್ ಗೊಬ್ಬರದಲ್ಲಿ ಸುಮಾರು ೧೫೦ ಕಿಲೋ ಸಾರಜನಕ. ೪೫ ಕಿಲೋ ತೂಕದ ಒಂದು ಚೀಲ ಯೂರಿಯಾದಲ್ಲಿ ಇರುವುದು ೨೧ ಕಿಲೋಗೂ ಕಡಿಮೆ. ಹಾರಿಹೋದ ೫೦ ಕಿಲೋ ಎಂದರೆ ಎರಡೂಕಾಲು ಚೀಲಕ್ಕೂ ಹೆಚ್ಚಾಯಿತು. ಸಾಲಿನಲ್ಲಿ ನಿಂತು ಒಂದು ಚೀಲಕ್ಕೆ ಅಂಗಲಾಚಿದ ರೈತನಿಗೆ ಈ ಲೆಕ್ಕವನ್ನು ಯಾರೂ ಹೇಳಿಲ್ಲ. ಗಾಳಿಯ ಸಾರಜನಕವನ್ನು ಪ್ರಚಂಡ ಉಷ್ಣ ಮತ್ತು ಒತ್ತಡಗಳಿಂದ ಹಿಡಿದು ಅಮೋನಿಯಾ ಮಾಡುವ ಕಾರ್ಖಾನೆಗಳಿಗಾಗಿ ದೇಶವು ಪರದೇಶದ ಅನಿಲವನ್ನು ಕೊಳ್ಳುತ್ತದೆ. ಸಾಲದ್ದಕ್ಕೆ ಯೂರಿಯಾವನ್ನೂ ತರಿಸುತ್ತದೆ. ಇತ್ತ ನಾವು ಕೈಗೆ ಬಂದ ಅಮೋನಿಯಾವನ್ನು ಮರಳಿ ಗಾಳಿಗೆ ಬಿಡುತ್ತಿದ್ದೇವೆ!

ಇದು ಹಳ್ಳಿಯವರ ನಷ್ಟ ಮಾತ್ರವೆಂದು ಬಳ್ಳಾರಿಯ ನಗರವಾಸಿಗಳು ನಿಶ್ಚಿಂತರಾಗಿರಬೇಕಾಗಿಲ್ಲ. ಹಾರಿದ ಅಮೋನಿಯಾವು ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಆಮ್ಲದೊಡನೆ ಕೂಡಿ, ಶ್ವಾಸಕೋಶದ ತಳವನ್ನು ಮುಟ್ಟುವಷ್ಟು ನವುರಾದ ಧೂಳಾಗುತ್ತದೆ. ಕುಡತಿನಿಯ ವಿದ್ಯುತ್ ಸ್ಥಾವರವೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಇರುವ ಈ ಸೀಮೆಯಲ್ಲಿ ಹೊಗೆಗೆ ಕೊರತೆಯಿಲ್ಲ.

ಪರಿಹಾರಕ್ಕೆ ಹೊಸ ಯಂತ್ರಗಳು ಬೇಕಿಲ್ಲ. ಗುಡ್ಡೆಯನ್ನು ತಾಡಪಾಲಿನಿಂದ ಮುಚ್ಚಿ ಒಣಗಿದ್ದಂತೆಯೇ ಇಡಬೇಕು. ಸಂಜೆಯ ತಂಪಿನಲ್ಲಿ, ಅದೇ ದಿನ ಉಳಬಲ್ಲಷ್ಟು ನೆಲದಲ್ಲಿ ಮಾತ್ರ ಹರಡಿ, ಕೂಡಲೇ ಕುಂಟೆಯನ್ನೋ ರೋಟವೇಟರನ್ನೋ ಹೊಡೆಯಬೇಕು. ಗುಡ್ಡೆಯಲ್ಲಿ ಸೂಪರ್ ಫಾಸ್ಫೇಟ್ ಬೆರೆಸಿದರೆ ಅದು ಅಮೋನಿಯಾವನ್ನು ಕಟ್ಟಿಹಾಕುತ್ತದೆ. ಸಿರುಗುಪ್ಪದ ಗದ್ದೆಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ: ನಿಂತ ನೀರಿಗೆ ಗೊಬ್ಬರ ಚೆಲ್ಲಬಾರದು. ಹಗಲಿನಲ್ಲಿ ಪಾಚಿಯು ಬೆಳೆದಂತೆ ನೀರಿನ ಕ್ಷಾರಗುಣವೇರಿ ಅಲ್ಲಿಂದಲೂ ಸಾರವು ಹಾರುವುದು. ನಾಟಿಗೆ ಮೊದಲು ಕೆಸರಿನೊಳಗೆ ತುಳಿಸಿಬಿಡುವುದೇ ಲೇಸು. ಹೀಗೆ ಉಳಿಸಿದಷ್ಟು ಯೂರಿಯಾವನ್ನು ಬೆಳೆಗೆ ಕಡಿಮೆ ಮಾಡದಿದ್ದರೆ ಮಾತ್ರ ಭತ್ತವು ಮಿತಿಮೀರಿ ಬೆಳೆದು ಒರಗೀತು, ಬೆಂಕಿರೋಗಕ್ಕೂ ಎಡೆಯಾದೀತು.

ಗೊಬ್ಬರ ಬಂದ ದಿನವೇ ಟ್ರ್ಯಾಕ್ಟರಿನ ಬಾಡಿಗೆಗೆ ಹಣವಿರಬೇಕಲ್ಲ ಎಂದು ಗುತ್ತಿಗೆಯ ರೈತನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹರಡುವ ಬಾಡಿಗೆ ಮತ್ತು ಉಳುವ ಬಾಡಿಗೆಗಳನ್ನು ಒಂದೇ ಕರಾರಿನಲ್ಲಿ ಸೇರಿಸುವಂತೆ ಊರಿನ ಸಹಕಾರ ಸಂಘಗಳು ಏರ್ಪಡಿಸಬಹುದು. ರೈತ ಸಂಪರ್ಕ ಕೇಂದ್ರಗಳ ಅಧಿಕಾರಿಗಳು ಯೂರಿಯಾ ಹಂಚುವಾಗಲೇ ಈ ವಿಷಯವನ್ನು ನಾಲ್ಕು ಮಾತಿನಲ್ಲಿ ತಿಳಿಸಿದರೆ ಅವರಿಗೆ ಹೊರೆಯಾಗದು. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮುಂದಿನ ಬೇಸಗೆಯಲ್ಲಿ ಈ ಎರಡೂ ಕಡೆ ಎರಡೆರಡು ಮಡಿಗಳಿಗೆ ಒಂದೇ ತೂಕದ ಕೋಳಿಗೊಬ್ಬರವನ್ನು ಹಾಕಿ, ಒಂದನ್ನು ಅದೇ ಸಂಜೆ ಉತ್ತು, ಇನ್ನೊಂದನ್ನು ಹದಿನೈದು ದಿನ ಬಿಸಿಲಿಗೆ ಬಿಟ್ಟು, ಬಂದ ಇಳುವರಿಯನ್ನು ಸುತ್ತಲಿನ ರೈತರ ಎದುರಿಗೇ ತೂಗಿ ತೋರಿಸಬೇಕೆಂದು ಅಲ್ಲಿನ ಅಧಿಕಾರಿಗಳನ್ನು ನಾವು ಕೇಳಿಕೊಳ್ಳುತ್ತೇವೆ.