ಬಳೆಯ ಮೇಲಿನ ಒಂಬತ್ತು ಅಕ್ಷರಗಳು

ಒಡವೆ ಎಂದೊಡನೆ ನಮಗೆ ಚಿನ್ನದ ತೂಕ, ಹರಳಿನ ಬೆಲೆ, ಮದುವೆಯ ಖರ್ಚು ನೆನಪಿಗೆ ಬರುತ್ತವೆ. ಇಂದು ನಿಮ್ಮ ಮುಂದಿಡುತ್ತಿರುವ ಒಡವೆಯನ್ನು ಆ ಲೆಕ್ಕದಲ್ಲಿ ಅಳೆಯಲು ಬರುವುದಿಲ್ಲ. ಮಧ್ಯ ಯೂರೋಪಿನ ಹಂಗೇರಿಯಲ್ಲಿ 1849ರ ನಂತರ ಹೆಂಗಸರು ಧರಿಸುತ್ತಿದ್ದ ಶೋಕದ ಬಳೆ ಅದು. ಅದರ ಮೇಲೆ ರೋಮನ್ ಲಿಪಿಯ ಒಂಬತ್ತು ಅಕ್ಷರಗಳಿದ್ದವು: ಪಿ, ವಿ, ಡಿ, ಟಿ, ಎನ್, ಎ, ಕೆ, ಎಲ್, ಎಸ್. ಕೂಡಿಸಿ ಓದಿದರೆ ಯಾವ ಭಾಷೆಯ ಪದವೂ ಆಗುವುದಿಲ್ಲ. ಆದರೆ ಬಲ್ಲವರಿಗೆ ಅದು ಒಂದಲ್ಲ, ಎರಡು ಅರ್ಥಗಳನ್ನು ಕೊಡುತ್ತಿತ್ತು.

ಈ ಒಗಟನ್ನು ಬಿಡಿಸಬೇಕಾದರೆ ಸ್ವಲ್ಪ ಇತಿಹಾಸ ಬೇಕು. ಆಗ ಹಂಗೇರಿಯನ್ನು ಆಳುತ್ತಿದ್ದವರು ವಿಯೆನ್ನಾದ ಹ್ಯಾಬ್ಸ್‌ಬರ್ಗ್ ದೊರೆಗಳು. 1848ರ ಮಾರ್ಚ್ 15ರಂದು ಪೆಸ್ಟ್ ನಗರದ ಯುವಕರು, ಬರಹಗಾರರು ಬೀದಿಗಿಳಿದರು. ಅಲ್ಲಿ ಆರಂಭವಾದ ಕ್ರಾಂತಿ ಸ್ವಾತಂತ್ರ್ಯ ಸಮರವಾಗಿ ಬೆಳೆಯಿತು. ಅದನ್ನು ತಾನೊಬ್ಬನೇ ಅಡಗಿಸಲಾರದೆ ಆಸ್ಟ್ರಿಯಾದ ಚಕ್ರವರ್ತಿ ರಷ್ಯಾದ ತ್ಸಾರ್ ಒಂದನೆಯ ನಿಕೊಲಸ್‌ನ ಸಹಾಯ ಬೇಡಿದ. ಸುಮಾರು ಎರಡು ಲಕ್ಷ ರಷ್ಯನ್ ಸೈನಿಕರು ಬಂದಿಳಿದರು. 1849ರ ಆಗಸ್ಟ್‌ನಲ್ಲಿ ಹಂಗೇರಿಯ ಸೇನೆ ಶರಣಾಯಿತು. ಅಕ್ಟೋಬರ್ 6ರಂದು ಆರಾದ್ ಎಂಬ ಊರಿನಲ್ಲಿ ಹದಿಮೂರು ಮಂದಿ ಸೇನಾನಾಯಕರಿಗೆ ಮರಣದಂಡನೆ ವಿಧಿಸಲಾಯಿತು. ನಾಲ್ವರನ್ನು ಗುಂಡಿಟ್ಟು ಕೊಂದರು, ಒಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಅದೇ ದಿನ ಪೆಸ್ಟ್‌ನಲ್ಲಿ ಮಾಜಿ ಪ್ರಧಾನಿ ಲಾಯೋಶ್ ಬತ್ಯಾನಿಯನ್ನೂ ಕೊಲ್ಲಲಾಯಿತು.

ಈಗ ಬಳೆಯನ್ನು ಮತ್ತೊಮ್ಮೆ ನೋಡಿ. ಪಿ ಎಂದರೆ ಪೋಲ್ಟೆನ್‌ಬೆರ್ಗ್, ವಿ ವೇಚೆಯ್, ಟಿ ತೊರೊಕ್, ಎನ್ ನಾಜ್‌ಶಾಂದೋರ್, ಎ ಔಲಿಚ್, ಎಸ್ ಶ್ವೈಡೆಲ್. ಡಿ ಅಕ್ಷರದಲ್ಲಿ ಇಬ್ಬರು: ದಮ್ಯಾನಿಚ್, ದೆಜೆಫಿ. ಕೆ ಅಕ್ಷರದಲ್ಲೂ ಇಬ್ಬರು: ಕಿಶ್ ಮತ್ತು ಕ್ನೆಜಿಚ್. ಎಲ್ ಅಕ್ಷರದಲ್ಲಿ ಲಾಹ್ನರ್, ಲಾಜಾರ್, ಲೈನಿಂಗೆನ್ ಎಂಬ ಮೂವರು. ಒಂಬತ್ತು ಅಕ್ಷರಗಳಲ್ಲಿ ಹದಿಮೂರು ಹೆಸರುಗಳು ಅಡಗಿವೆ. ನೀವೇ ಎಣಿಸಿ ನೋಡಬಹುದು.

ಇದು ಮೊದಲನೆಯ ಅರ್ಥ. ಎರಡನೆಯದು ಜರ್ಮನ್ ಭಾಷೆಯ ಒಂದು ವಾಕ್ಯ. ಅದರ ಒಂಬತ್ತು ಪದಗಳ ಮೊದಲಕ್ಷರಗಳೂ ಇವೇ, ಇದೇ ಕ್ರಮದಲ್ಲಿ. ಪನ್ನೋನಿಯಾ, ನಿನ್ನ ಮಡಿದವರನ್ನು ಮರೆಯಬೇಡ, ದೂರು ಹೇಳುವವರಾಗಿ ಅವರು ಬದುಕಿದ್ದಾರೆ ಎಂಬುದು ಅದರ ತಾತ್ಪರ್ಯ. ಪನ್ನೋನಿಯಾ ಎಂಬುದು ಪಶ್ಚಿಮ ಹಂಗೇರಿಗೆ ರೋಮನ್ನರ ಕಾಲದಿಂದ ಬಂದ ಹೆಸರು. ಸತ್ತವರನ್ನು ಬಹಿರಂಗವಾಗಿ ನೆನೆಯುವುದೇ ಅಪಾಯಕರವಾಗಿದ್ದ ದಿನಗಳವು. ಸಭೆ ಸೇರುವಂತಿಲ್ಲ, ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಹೆಂಗಸಿನ ಕೈಯಲ್ಲಿ ಬಳೆ ಇರುವುದು ಸಹಜವಲ್ಲವೇ? ನಾಲಿಗೆ ಹೇಳಲಾರದ್ದನ್ನು ಆ ಬಳೆ ಹೇಳುತ್ತಿತ್ತು.

ಹಂಗೇರಿಯವರು ತಮ್ಮ ಶತ್ರುವಿನ ಭಾಷೆಯಾದ ಜರ್ಮನ್‌ನಲ್ಲಿ ಏಕೆ ಶೋಕಿಸಿದರು ಎಂಬ ಪ್ರಶ್ನೆ ನಿಮ್ಮಲ್ಲಿ ಎದ್ದಿರಬಹುದು. ಆಗಿನ ಪೆಸ್ಟ್ ನಗರದಲ್ಲಿ ಜರ್ಮನ್ ಮನೆಮಾತಾಗಿದ್ದವರು ಬಹಳ ಮಂದಿ. ಸತ್ತ ಹದಿಮೂರು ಮಂದಿಯನ್ನೇ ತೆಗೆದುಕೊಳ್ಳಿ. ಪೋಲ್ಟೆನ್‌ಬೆರ್ಗ್ ವಿಯೆನ್ನಾದಲ್ಲಿ ಹುಟ್ಟಿದವನು. ಲೈನಿಂಗೆನ್ ಜರ್ಮನ್ ಕುಲೀನ ಮನೆತನದವನು. ದಮ್ಯಾನಿಚ್ ಸರ್ಬ್ ಮೂಲದವನು, ಕ್ನೆಜಿಚ್ ಕ್ರೊವೇಷಿಯನ್ ಮೂಲದವನು. ಕಿಶ್ ಮತ್ತು ಲಾಜಾರ್ ಆರ್ಮೀನಿಯನ್ ಮನೆತನಗಳಿಂದ ಬಂದವರು. ಕೆಲವರಿಗೆ ಹಂಗೇರಿಯನ್ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಹಂಗೇರಿಗಾಗಿ ಪ್ರಾಣ ಕೊಟ್ಟರು, ಹಂಗೇರಿಯ ಹುತಾತ್ಮರೆನಿಸಿದರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1850ರ ದಶಕದ ಬಿಗಿ ಸಡಿಲವಾದೊಡನೆ, 1860ರ ಸುಮಾರಿಗೆ, ಶೋಕದ ಒಡವೆಯ ಜಾಗಕ್ಕೆ ವೈಭವದ ಒಡವೆ ಬಂತು. ಗಂಡಸರು ಹಳೆಯ ಹಂಗೇರಿಯನ್ ಉಡುಪನ್ನು ಮತ್ತೆ ತೊಟ್ಟರು. ಹೆಗಲ ಮೇಲೆ ಜಾರಿದಂತೆ ಹಾಕುವ ಮೇಲಂಗಿಗೆ ರತ್ನಖಚಿತ ಸರಪಳಿ, ಸಾಲು ಗುಂಡಿಗಳು, ತುಪ್ಪಳದ ಟೋಪಿಗೆ ಗರಿ ಸಿಕ್ಕಿಸುವ ತುರಾಯಿ, ಸೊಂಟಕ್ಕೆ ಪಟ್ಟಿ ಮತ್ತು ಕತ್ತಿ. 1867ರಲ್ಲಿ ವಿಯೆನ್ನಾದೊಂದಿಗೆ ರಾಜಿಯಾಗಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಹಂಗೇರಿಯ ದೊರೆಯಾಗಿ ಕಿರೀಟ ಧರಿಸಿದಾಗ ರಾಣಿ ಎಲಿಜಬೆತ್ ಕೂಡ ಹಂಗೇರಿಯನ್ ಶೈಲಿಯ ಉಡುಪು ತೊಟ್ಟಳು. ಹದಿಮೂರು ಮಂದಿ ಸತ್ತದ್ದು ಇದೇ ಫ್ರಾನ್ಸ್ ಜೋಸೆಫ್‌ನ ಆಳ್ವಿಕೆಯಲ್ಲಿ ಎಂಬುದನ್ನು ಗಮನಿಸಬೇಕು.

ರಾಷ್ಟ್ರೀಯ ಒಡವೆ ಮಾಡಬೇಕೆಂದು ಹೊರಟ ಅಕ್ಕಸಾಲಿಗರು ಮಾದರಿಗಾಗಿ ಹಿಂದಕ್ಕೆ ನೋಡಿದರು. ತೀರಾ ಹಿಂದೆ ಹೋದರೆ ಹತ್ತನೆಯ ಶತಮಾನದ ಗೋರಿಗಳು ಸಿಗುತ್ತವೆ. ಪೂರ್ವದ ಹುಲ್ಲುಗಾವಲುಗಳಿಂದ ಕುದುರೆಯೇರಿ ಬಂದ ಮ್ಯಾಗ್ಯಾರರು 895ರ ಸುಮಾರಿಗೆ ಇಲ್ಲಿ ನೆಲೆಸಿದರು. ಅವರ ಹೆಂಗಸರು ಜಡೆಗೆ ಲೋಹದ ಬಿಲ್ಲೆ ತೂಗುಬಿಡುತ್ತಿದ್ದರು. ನಮ್ಮ ಜಡೆಬಿಲ್ಲೆಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ರಾಕಾಮಾಜ್ ಎಂಬಲ್ಲಿ ದೊರೆತ ಬೆಳ್ಳಿಯ ಬಿಲ್ಲೆಯ ಮೇಲೆ ರೆಕ್ಕೆ ಬಿಚ್ಚಿದ ಬೇಟೆಹಕ್ಕಿಯಿದೆ. ಅದನ್ನು ಅರಸುಕುಲದ ದಂತಕಥೆಯ ತುರುಲ್ ಹಕ್ಕಿಯೆಂದು ಜನ ಗುರುತಿಸುತ್ತಾರೆ. ಈಗ ಪದಕಗಳಲ್ಲಿ ಅದರ ಪ್ರತಿರೂಪ ಬಹಳ ಜನಪ್ರಿಯ.

ನಂತರದ ಶತಮಾನಗಳ ಹೆಮ್ಮೆ ತಂತಿ ಎನಾಮೆಲ್ ಕೆಲಸ. ಹುರಿಗೊಳಿಸಿದ ತೆಳುವಾದ ತಂತಿಯನ್ನು ಹೂ, ಎಲೆಗಳ ಆಕಾರಕ್ಕೆ ಬಾಗಿಸಿ ಬೆಳ್ಳಿ ಅಥವಾ ಚಿನ್ನದ ತಗಡಿಗೆ ಬೆಸುಗೆ ಹಾಕುತ್ತಾರೆ. ತಂತಿಯ ನಡುವಿನ ಮನೆಗಳಿಗೆ ಬಣ್ಣದ ಗಾಜಿನ ಪುಡಿ ತುಂಬಿ, ಸುಮಾರು 800 ಡಿಗ್ರಿ ಶಾಖದಲ್ಲಿ ಕಾಯಿಸುತ್ತಾರೆ. ಪುಡಿ ಕರಗಿ ಹೊಳಪಿನ ಪದರವಾಗುತ್ತದೆ. ಇತರ ಕಡೆಗಳಲ್ಲಿ ಮೇಲ್ಮೈಯನ್ನು ಉಜ್ಜಿ ಸಮ ಮಾಡುವುದುಂಟು. ಇಲ್ಲಿ ಹಾಗಲ್ಲ, ತಂತಿ ಎದ್ದು ಕಾಣುವಂತೆ ಬಿಡುತ್ತಾರೆ. ಬೆರಳಾಡಿಸಿದರೆ ಹೂವಿನ ಅಂಚು ತಗಲುತ್ತದೆ. ಸುಮಾರು 1440ರ ಸುಕಿ ಪಾನಪಾತ್ರೆ ಇದರ ಉತ್ತಮ ಉದಾಹರಣೆ. ಎಸ್ಟೆರ್‌ಗೋಮ್‌ನ ಚರ್ಚಿನ ಭಂಡಾರದಲ್ಲಿ ಅದು ಇದೆ.

ಹರಳಿನ ವಿಷಯಕ್ಕೆ ಬಂದರೆ ಓಪಲ್. ಅದರೊಳಗಿನ ಸಿಲಿಕಾದ ಅತಿ ಸೂಕ್ಷ್ಮ ಗೋಲಿಗಳು ಬೆಳಕನ್ನು ಚದುರಿಸುವುದರಿಂದ ಕಲ್ಲನ್ನು ಹೊರಳಿಸಿದಂತೆಲ್ಲ ಬಣ್ಣ ಬದಲಾಗುತ್ತದೆ. ಆಸ್ಟ್ರೇಲಿಯದ ಓಪಲ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾರುಕಟ್ಟೆಗೆ ಬರುವವರೆಗೂ ಯೂರೋಪಿಗೆ ಇದನ್ನು ಒದಗಿಸುತ್ತಿದ್ದುದು ಮುಖ್ಯವಾಗಿ ಹಂಗೇರಿಯ ಗಣಿಗಳೇ.

ಆದರೆ ಇಂದಿನ ಭೂಪಟದಲ್ಲಿ ಆ ಗಣಿಗಳನ್ನು ಹುಡುಕಿ. ಅವು ಸ್ಲೊವಾಕಿಯದಲ್ಲಿವೆ. ಮಧ್ಯಯುಗದ ಪ್ರಸಿದ್ಧ ಚಿನ್ನದ ಊರು ಕ್ರೆಮ್ನಿತ್ಸ ಕೂಡ ಅಲ್ಲೇ ಇದೆ. ಎನಾಮೆಲ್ ಕೆಲಸಕ್ಕೆ ಹೆಸರಾದ ಟ್ರಾನ್ಸಿಲ್ವೇನಿಯ ರೊಮೇನಿಯದಲ್ಲಿದೆ. ಹದಿಮೂರು ಮಂದಿ ಸತ್ತ ಆರಾದ್ ಕೂಡ ರೊಮೇನಿಯದ್ದೇ. ಹಂಗೇರಿಯ ಒಡವೆಯ ಕಥೆ ಹೀಗೆ ಹಂಗೇರಿಯ ಹೊರಗೆ ಬಿದ್ದದ್ದು ಹೇಗೆ?

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಚಿನ್ನ ಕೊಟ್ಟು ಕಬ್ಬಿಣ ಪಡೆಯಿರಿ ಎಂಬ ಕರೆ ಬಂತು. ಜನ ಮದುವೆಯ ಉಂಗುರಗಳನ್ನು ಯುದ್ಧನಿಧಿಗೆ ಕೊಟ್ಟು, ನಾಡಿಗಾಗಿ ಎಂದು ಲ್ಯಾಟಿನ್‌ನಲ್ಲಿ ಬರೆದ ಕಬ್ಬಿಣದ ಉಂಗುರಗಳನ್ನು ತೊಟ್ಟರು. ಯುದ್ಧದಲ್ಲಿ ಸೋಲಾಯಿತು. 1920ರ ಜೂನ್ 4ರ ಟ್ರಿಯಾನೋ ಒಪ್ಪಂದದಿಂದ ಹಂಗೇರಿ ತನ್ನ ನೆಲದ ಮೂರನೆಯ ಎರಡು ಭಾಗವನ್ನು ಕಳೆದುಕೊಂಡಿತು. ಮೂವತ್ತು ಲಕ್ಷಕ್ಕೂ ಹೆಚ್ಚು ಹಂಗೇರಿಯನ್ ಭಾಷಿಕರು ಗಡಿಯಾಚೆ ಉಳಿದರು. ಆಗ ಎದೆಯ ಮೇಲೆ ಹೊಸ ಒಡವೆಯೊಂದು ಕಾಣಿಸಿಕೊಂಡಿತು: ಹಳೆಯ, ದೊಡ್ಡ ಹಂಗೇರಿಯ ನಕ್ಷೆಯ ಆಕಾರದ ಬಿಲ್ಲೆ. ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಮರೆಯಾಗಿದ್ದ ಅದು 1989ರ ನಂತರ ಮರಳಿ ಬಂತು.

ಇದನ್ನು ಧರಿಸುವವರಲ್ಲಿ ಬಹಳ ಮಂದಿಗೆ ಅದು ಅಜ್ಜ ಅಜ್ಜಿಯರ ಊರಿನ ನೆನಪು. ಆ ದುಃಖ ಸುಳ್ಳಲ್ಲ. ಆದರೆ ಹಳೆಯ ಹಂಗೇರಿ ರಾಜ್ಯದ ಸುಮಾರು ಅರ್ಧದಷ್ಟು ಜನರ ಮಾತು ಹಂಗೇರಿಯನ್ ಆಗಿರಲಿಲ್ಲ ಎಂಬುದೂ ನಿಜ. ಅದೇ ಬಿಲ್ಲೆ ಒಬ್ಬ ಸ್ಲೊವಾಕನಿಗೋ ರೊಮೇನಿಯನ್ನನಿಗೋ ತನ್ನ ಊರಿನ ಮೇಲಿನ ಹಕ್ಕುಸಾಧನೆಯಂತೆ ಕಾಣುತ್ತದೆ. 2022ರ ನವೆಂಬರಿನಲ್ಲಿ ಆಗ ಪ್ರಧಾನಿಯಾಗಿದ್ದ ವಿಕ್ತೋರ್ ಒರ್ಬಾನ್ ಫುಟ್‌ಬಾಲ್ ಪಂದ್ಯಕ್ಕೆ ಇಂಥ ನಕ್ಷೆಯಿದ್ದ ಸ್ಕಾರ್ಫ್ ಧರಿಸಿ ಹೋದಾಗ ರೊಮೇನಿಯ, ಉಕ್ರೇನ್ ಎರಡೂ ಪ್ರತಿಭಟಿಸಿದವು. ನನಗಂತೂ ನಕ್ಷೆಯ ಬಿಲ್ಲೆಗಿಂತ ಆ ಬಳೆಯೇ ದೊಡ್ಡದಾಗಿ ಕಾಣುತ್ತದೆ. ಸರ್ಬ್, ಕ್ರೊವೇಷಿಯನ್, ಜರ್ಮನ್, ಆರ್ಮೀನಿಯನ್ ಮೂಲದವರೆಲ್ಲರಿಗೂ ಅದರಲ್ಲಿ ಒಂದೊಂದು ಅಕ್ಷರದ ಜಾಗವಿದೆ.

ಎಲ್ಲಕ್ಕಿಂತ ಅಗ್ಗದ ಒಡವೆಯ ಮಾತು ಇನ್ನೂ ಉಳಿದಿದೆ. ಪ್ರತಿವರ್ಷ ಮಾರ್ಚ್ 15ರಂದು ಶಾಲೆಯ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಕೆಂಪು, ಬಿಳಿ, ಹಸಿರು ರಿಬ್ಬನ್ನಿನ ಹೂವನ್ನು ಎಡ ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ಕೊಕಾರ್ದ ಎಂದು ಅದರ ಹೆಸರು. ಸ್ಲೊವಾಕಿಯ, ರೊಮೇನಿಯಗಳ ಹಂಗೇರಿಯನ್ನರೂ ಅಂದು ಅದನ್ನು ಧರಿಸುತ್ತಾರೆ. 2002ರ ಚುನಾವಣೆಯ ಸಮಯದಲ್ಲಿ ಒರ್ಬಾನ್ ಅವರ ಪಕ್ಷ ತನ್ನ ಬೆಂಬಲಿಗರಿಗೆ ಹಬ್ಬ ಮುಗಿದ ಮೇಲೂ ಅದನ್ನು ತೆಗೆಯದಿರಲು ಕರೆ ಕೊಟ್ಟಿತು. ಎಲ್ಲರದಾಗಿದ್ದ ಹೂವು ಕೆಲವು ವಾರ ಒಂದು ಪಕ್ಷದ ಗುರುತಾಯಿತು. ಬೇರೆ ಪಕ್ಷಕ್ಕೆ ಮತ ಹಾಕುವವರು ತಮ್ಮದೂ ಆಗಿದ್ದ ಹೂವನ್ನು ಧರಿಸಲು ಹಿಂಜರಿದರು. ಏಪ್ರಿಲ್‌ನಲ್ಲಿ ಒರ್ಬಾನ್ ಸರ್ಕಾರ ಸೋತಿತು. ಹೂವು ಯಾರದು ಎಂಬ ಜಗಳ ಮಾತ್ರ ಚುನಾವಣೆಯೊಂದಿಗೆ ಮುಗಿಯಲಿಲ್ಲ.